ಎಡಗಡೆಯ ಸ್ಪೀಕರ್

ಮೇ ೪, ಭಾನುವಾರ
ಇವತ್ತೂ ಮಗಳು ಪ್ರೀತಿಯನ್ನು ಕರೆದುಕೊಂಡು ಅಂಕೋಲೆಗೆ, ಸಂಗೀತ ಪಾಠಕ್ಕೆ. ಎರಡು ಬಸ್ಸು. ಗಾಯತ್ರಿ ಟೀಚರು ಹಾಡು ಅರ್ಧಕ್ಕೇ ನಿಲ್ಲಿಸಿದರು. "ಮನೇಲಿ ತಂಬೂರಿ ಮೊಬೈಲಲ್ಲೇ ಹಾಕ್ತೀರಾ? ಕೆಳಗಿನ ಸಾ ಅದ್ರಲ್ಲಿ ಕೇಳೂದೇ ಇಲ್ಲ. ಮಗಳು ಅಂದಾಜಲ್ಲಿ ಹಾಡ್ತದೆ." ಸಣ್ಣ ಆಂಪ್ಲಿಫೈಯರ್, ಎರಡು ಸ್ಪೀಕರ್ ಸಾಕಂತೆ. ಜೂನಿನೊಳಗೆ ಸ್ವರ ನಿಲ್ಲದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಟೀಚರಿಗೆ ಅಂಗಡಿಯವರು ಯಾರಾದರೂ ನೆಂಟರೋ ಏನೋ... ಕೇಳಲಿಲ್ಲ.

ಮೇ ೭
ಕಾರವಾರದ ಅಂಗಡಿ. ಆರು ಸಾವಿರ ಇದೆ ಅಂದೆ. ಬಣ್ಣದ ಲೈಟಿನ ಹೋಮ್ ಥಿಯೇಟರ್ ಹಾಕಿ ತೋರಿಸಿದ. ಎದೆಗೆ ಗುದ್ದಿದ ಹಾಗಾಯಿತು. ಪ್ರೀತಿ ಅದಕ್ಕೇ ಮೊಬೈಲು ಜೋಡಿಸಿ ತಂಬೂರಿ ಹಾಕಿದಳು. ನಾಲ್ಕೂ ತಂತಿ ಕಲಸಿ ಗಂಜಿ.
"ಆಯಿ, ಇದು ಬರೀ ದಢದಢ. ಸಾ ಎಲ್ಲಿ ಅದೆ?"
ಅಂಗಡಿಯವ ನಕ್ಕ. "ಅಕ್ಕೋ, ಸಾವಿರ ವ್ಯಾಟ್ ಅದೆ. ಮತ್ತೆಂತ ಬೇಕು?"
ಸಾವಿರ ವ್ಯಾಟಾದರೆ ವೈರು ಯಾಕೆ ಶಾವಿಗೆಯಷ್ಟು ಸಪೂರ? ಏನೋ ಇದೆ. ಎದ್ದು ಬಂದೆವು.

ಮೇ ೧೧
ಕಿಶೋರ ಬಂದಿದ್ದ. ನಮ್ಮವರ ದೋಸ್ತ, ಇಲ್ಲೇ ದೇವಬಾಗದ ಹೋಮ್‌ಸ್ಟೇಯಲ್ಲಿ ಕೆಲಸ. ಮಳೆಗಾಲಕ್ಕೆ ಮುಚ್ಚುತ್ತಾರಂತೆ, ಹಳೇ ಸ್ಟೀರಿಯೊ ಸೆಟ್ ಐದೂವರೆ ಸಾವಿರಕ್ಕೆ ಕೊಡುತ್ತಾರಂತೆ.
"ಮರದ ಪೆಟ್ಟಿಗೆ ಸ್ಪೀಕರು, ವೈನಿ. ಹೊಸದಾದ್ರೆ ಇಪ್ಪತ್ತಕ್ಕೂ ಸಿಗೂದಿಲ್ಲ."
"ಹಂಗಾದ್ರೆ ನಮ್ಗೆ ಯಾಕೆ ಅಷ್ಟು ಕಡಿಮೆಗೆ?"
"ನಿಮ್ಗೆ ಬಂಗಡೆ ಪುಕ್ಕಟೆ ಕೊಟ್ರೂ ಕಿವಿರು ಎತ್ತಿ ನೋಡ್ತ್ರಿ ಮಾರಾಯ್ರೆ!"
ನೋಡಲೇಬೇಕಲ್ಲ. ನಮ್ಮವರು ಟ್ರಾಲರಿನಿಂದ ಬಂದು ಬೈಯುವುದು ನನಗೇ. ಇವನ ಕಮಿಷನ್ ಎಷ್ಟೋ.

ಮೇ ೧೩
ತಂದೆವು. ಪ್ರೀತಿ ತಂಬೂರಿ ಹಾಕಿದಳು. ಕೆಳಗಿನ ತಂತಿ... ನೆಲದೊಳಗಿಂದ ಎದ್ದ ಹಾಗೆ. ಕಣ್ಣು ಮುಚ್ಚಿ ಅದರ ಪಕ್ಕಕ್ಕೆ ಸ್ವರ ಇಟ್ಟಳು. ಅಲುಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸಂಗೀತ ತಿಳಿಯದು. ಆದರೂ ಗೊತ್ತಾಯಿತು.
ಅವಳು ಮಲಗಿದ ಮೇಲೆ ಸ್ಪೀಕರುಗಳ ಮುಂದಿನ ಬಲೆಯಂಥ ಜಾಳಿಗೆ ತೆಗೆದೆ. ಬಲಗಡೆಯದು ಸ್ವಚ್ಛ. ಎಡಗಡೆಯದರ ಸ್ಕ್ರೂ ಮೇಲೆ ತುಕ್ಕು. ಅದಕ್ಕೇ ಅಗ್ಗ!

ಮೇ ೧೪
ಮಳೆಗಾಲಕ್ಕೆ ದೋಣಿಯ ಎಂಜಿನ್ ಒಳಗಿಡುವಾಗ ಡೀಸೆಲ್ ಬಟ್ಟೆಯಲ್ಲಿ ಒರೆಸುತ್ತೇವೆ. ಉಪ್ಪು ಹತ್ತುವುದಿಲ್ಲ. ಎಡಗಡೆಯದಕ್ಕೂ ಹಾಗೇ ಮಾಡಿದೆ. ಸ್ಕ್ರೂ, ತಗಡು, ಸುತ್ತಲಿನ ರಬ್ಬರು — ಎಲ್ಲ ಮೂಲೆ ಮೂಲೆ. ಸ್ವಲ್ಪ ಸಮಾಧಾನ.

ಮೇ ೨೧
ಎಡಗಡೆಯದು ಬರ್‌ ಬರ್‌ ಅನ್ನುತ್ತಿದೆ. ವೈರು ಅದಲುಬದಲು ಮಾಡಿದೆವು. ಆದರೂ ಅದೇ ಪೆಟ್ಟಿಗೆ. ನಾನು ಮೊದಲೇ ಅಂದುಕೊಂಡಿದ್ದೆ — ಮೋಸ. ನಮ್ಮವರಿಗೆ ಫೋನು ಮಾಡಿದೆ. ಅವರು ಕಿಶೋರನಿಗೆ ಮಾಡಿ ಚೆನ್ನಾಗಿ ಬೈದರಂತೆ.

ಮೇ ೨೨, ಮಧ್ಯಾಹ್ನ
ಕಿಶೋರ ಬಂದ. ಜಾಳಿಗೆ ತೆಗೆದು ರಬ್ಬರು ಮುಟ್ಟಿದ. ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಮೂಸಿದ.
"ವೈನಿ, ಇದು ಡೀಸೆಲ್. ರಬ್ಬರಿಗೆ ಡೀಸೆಲ್ ತಾಗಿದ್ರೆ ಉಬ್ಬಿ ಸಡಿಲ ಆಗ್ತದೆ. ಯಾರು ಹಾಕಿದ್ದು?"
ಪ್ರೀತಿ ಬಾಗಿಲಲ್ಲೇ ಇದ್ದಳು.
"ನಾವ್ಯಾಕೆ ಹಾಕ್ತೇವೆ? ನಿಮ್ಮಲ್ಲಿಂದ ಬಂದದ್ದೇ ಹಂಗೆ."
ಬಾಯಿಂದ ಹೇಗೆ ಬಂತೋ. ನನ್ನ ಮುಖವನ್ನೇ ನೋಡಿದ.
"ನೀವು ಹಾಕಿದ್ದಾದ್ರೆ ಹೇಳಿ. ಗೋವಾದಲ್ಲಿ ರಬ್ಬರ್ ಬದಲಿಸೋರು ಇದ್ದಾರೆ, ನಾನೇ ಒಯ್ದು ಮಾಡ್ಸಿ ತರ್ತೆ. ನಾನು ಮೋಸ ಮಾಡಿದ್ದು ಅಂದ್ರೆ ಸೆಟ್ಟೇ ಬೇಡ. ದುಡ್ಡು ನನ್ನ ಕೈಯಿಂದ ವಾಪಸ್ ಕೊಡ್ತೆ."
ನಾನು ಜಾಳಿಗೆ ಎತ್ತಿಕೊಂಡು ಪೆಟ್ಟಿಗೆಗೆ ಒತ್ತಿ ಕೂರಿಸಿದೆ.
"ಕಾಕಾ, ಬಲಗಡೆದಾದ್ರೂ ಬಿಡು" ಅಂದಳು ಪ್ರೀತಿ.
"ಜೋಡಿ ಒಡೆದ್ರೆ ಯಾರು ತಗೊಳ್ತ್ರು, ಪ್ರೀತಿ? ಭಾನುವಾರ ಬಂದು ಒಯ್ತೆ."

ಮೇ ೨೪
ಗೊತ್ತಾಗಿದೆ ಅವನಿಗೆ. ಬಂದರಿನಲ್ಲಿ ಎಲ್ಲರಿಗೂ ಹೇಳಿದನೋ ಏನೋ. ಹಾಲು ತರಲು ಹೋದಾಗ ಇಬ್ಬರು ನಕ್ಕರು. ಬೇರೆ ಏನಕ್ಕೋ ಇರಬಹುದು.
ದುಡ್ಡು ಬಂದರೂ ಅದಕ್ಕೆ ಸಿಗುವುದು ಮತ್ತೆ ಆ ದಢದಢವೇ.
ಪ್ರೀತಿ ಬಲಗಡೆಯ ಸ್ಪೀಕರಿನ ಎದುರಿಗೇ ಕೂತು ಹಾಡುತ್ತಿದ್ದಾಳೆ, ಬೆಳಗಿನಿಂದ. ಊಟಕ್ಕೆ ಕರೆದರೆ — "ಕಿಶೋರಕಾಕಾ ಹಿಂಗೆ ಮಾಡ್ತಾ ಅಂತ ಗೊತ್ತೇ ಇರ್ಲಿಲ್ಲ, ಆಯಿ."


ಮೇ ೨೫, ಬೆಳಿಗ್ಗೆ ಒಂಬತ್ತು
ಅಂಗಳದಲ್ಲಿ ಕಿಶೋರನ ಗಾಡಿ. ಹಗ್ಗ, ಗೋಣಿಚೀಲ ತಂದಿದ್ದಾನೆ. ಪ್ರೀತಿ ಒಂದೊಂದೇ ವೈರು ಬಿಚ್ಚುತ್ತಿದ್ದಾಳೆ. ದುಡ್ಡಿನ ಲಕೋಟೆ ಮೇಜಿನ ಮೇಲೆ ಇಟ್ಟ. "ಎಣಿಸ್ಕಳಿ ವೈನಿ" ಅಂದ. ಎಣಿಸಲಿಲ್ಲ. ಒಳಗೆ ಬಂದು ಕೂತಿದ್ದೇನೆ. ಮೊದಲು ಬರೆದುಬಿಟ್ಟರೆ ಬಾಯಿಗೂ ಬರುತ್ತದೋ ನೋಡಬೇಕು.
ಕಿಶೋರ, ನಿಲ್ಲು. ಆ ಡೀಸೆಲ್ ಒರೆಸಿದ್ದು ನಾನು.