ಮೂರು ತಪ್ಪು ಕಡ್ಡಾಯ

ಜೂನ್ 3, ಸೋಮವಾರ

ಸಂಜೆ ತರಗತಿಯ ಹದಿನಾಲ್ಕು ಮಂದಿಗೂ ವಾಟ್ಸಾಪ್ ಗ್ರೂಪ್ ಮಾಡಿ ಇವತ್ತಿಗೆ ವಾರ. ಒಬ್ಬರ ಪ್ರಬಂಧ ಇನ್ನೊಬ್ಬರು ಓದಿ ತಿದ್ದಬೇಕು ಎಂದು ಗಂಟಲು ಹರಿದುಕೊಂಡದ್ದೇ ಬಂತು. ಬಂದದ್ದೇನು? ಹೆಬ್ಬೆರಳು. ಬರೀ ಹೆಬ್ಬೆರಳು. ಹೋಟೆಲಿನ ಕ್ಯಾಷಿಯರ್ ಅಂತೂ ‘ಸೂಪರ್’ ಎಂದು ಕಳಿಸಿದ್ದಾರೆ — ಪ್ರಬಂಧ ಬರುವುದಕ್ಕೆ ಎರಡು ನಿಮಿಷ ಮೊದಲೇ!

ಜೂನ್ 4

ತರಗತಿಯಲ್ಲಿ ರೇಗಿಬಿಟ್ಟೆ. “ಇನ್ಮೇಲೆ ಒಬ್ಬೊಬ್ರೂ ನಿಮ್ಮ ಜೋಡಿಯ ಪ್ರಬಂಧದಲ್ಲಿ ಮೂರು ತಪ್ಪು ಹುಡುಕಲೇಬೇಕು. ಇಲ್ಲಾಂದ್ರೆ ಹಾಜರಿ ಇಲ್ಲ.”

ಹಿಂದಿನ ಬೆಂಚಿನಿಂದ ಬಸ್ ಡ್ರೈವರ್, “ತಪ್ಪೇ ಇಲ್ದಿದ್ರೆ ಮೇಡಂ?”

“ಹುಡುಕಿದ್ರೆ ಸಿಗುತ್ತೆ.”

ಎಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ 6, ಬೆಳಗ್ಗೆ 8.10

ಬಸ್ಸಿನಲ್ಲಿ, ನಿಂತುಕೊಂಡೇ. ಟೈಲರಮ್ಮನ ಪ್ರಬಂಧ ಬಂದಿದೆ. ನಲವತ್ತೆಂಟನೇ ವಯಸ್ಸಿಗೆ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದವರು. ಕಾಗದವಿಲ್ಲ, ನಕಲಿಲ್ಲ, ನೇರ ಗ್ರೂಪಿನಲ್ಲೇ ಒಂದೊಂದೇ ಅಕ್ಷರ ಒತ್ತಿದ್ದು. ಮೊದಲ ಸಲ ಕತ್ತರಿ ಹಿಡಿದು ಅತ್ತೆಯ ಒಳ್ಳೆಯ ಬಟ್ಟೆ ಹಾಳುಮಾಡಿದ ಕಥೆ. ಎಷ್ಟು ಚೆನ್ನಾಗಿದೆ! ಅರ್ಧ ಓದುವಷ್ಟರಲ್ಲಿ ಸ್ಟಾಪ್ ಬಂತು. ಶನಿವಾರ ಒಪ್ಪಿಸಬೇಕಾದ ಪರೀಕ್ಷೆಯ ಫೈಲಿಗೆ ಇದನ್ನೇ ಸೇರಿಸಬೇಕು.

ಮಧ್ಯಾಹ್ನ 2.00

ಟೈಲರಮ್ಮನ ಜೋಡಿ ಡ್ರೈವರ್ ಮೂರು ತಪ್ಪು ಕಳಿಸಿದ್ದಾರೆ. ಬಟ್ಟೆಯ ಬಣ್ಣ ಹೇಳಿಲ್ಲ. ಅತ್ತೆ ಬೈದದ್ದು ಸಾಲದು. ಕೊನೆಯ ಸಾಲು ಬೇಡ, ತೆಗೆಯಿರಿ. ಅಬ್ಬ, ಒಬ್ಬರಾದರೂ ನನ್ನ ಮಾತು ಕಿವಿಗೆ ಹಾಕಿಕೊಂಡರಲ್ಲ.

ಜೂನ್ 7

ಪ್ರಬಂಧ ಮಾಯ. ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’. ಅದರ ಕೆಳಗೆ — ಟೈಲರಮ್ಮ ಗ್ರೂಪ್ ಬಿಟ್ಟಿದ್ದಾರೆ. ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ತರಗತಿಗೂ ಬರಲಿಲ್ಲ. ಡ್ರೈವರನ್ನು ಬಾಗಿಲಲ್ಲೇ ಹಿಡಿದೆ.

“ಏನ್ರೀ, ಅಷ್ಟು ಚೆನ್ನಾಗಿರೋದ್ರಲ್ಲಿ ಮೂರು ತಪ್ಪಾ?”

“ನೀವೇ ಬೇಕು ಅಂದ್ರಿ ಮೇಡಂ. ನಾಲ್ಕು ಸಲ ಓದ್ದೆ, ಸಿಗ್ಲಿಲ್ಲ. ಎರಡು ಸುಮ್ನೆ ಹುಟ್ಟಿಸಿದ್ದು. ಆದ್ರೆ ಆ ಕೊನೇ ಸಾಲು ನಿಜವಾಗ್ಲೂ ತೆಗೀಬೇಕಿತ್ತು.”

“ಅದ್ರಲ್ಲೇನಿತ್ತು?”

ನನ್ನ ಮುಖವನ್ನೇ ನೋಡಿದರು. “ನೀವು ಓದಿಲ್ವಾ? ‘ಮೇಡಂ, ಈ ಓದು ನನ್ನ ತಲೆಗೆ ಹತ್ತಲ್ಲ ಅನ್ಸುತ್ತೆ, ಕ್ಲಾಸ್ ಬಿಟ್ಟುಬಿಡಲಾ?’ ಅಂತ ನಿಮ್ಮನ್ನೇ ಕೇಳಿದ್ರು. ನೀವು ಉತ್ತರನೂ ಕೊಟ್ರಲ್ಲ.”

“ನಾನಾ? ಏನಂತ?”

ಅವರು ಹೆಬ್ಬೆರಳು ಎತ್ತಿ ತೋರಿಸಿದರು.

ಬಸ್ ಇಳಿಯುವ ಗಡಿಬಿಡಿಯಲ್ಲಿ ಒತ್ತಿದ್ದು. ಹೌದು. ನಾನೇ.

ಜೂನ್ 8, ಶನಿವಾರ, ಬೆಳಗ್ಗೆ 9.30

ಟೈಲರಮ್ಮನ ಅಂಗಡಿಯ ಎದುರು, ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಮೆಷಿನ್ ಓಡುತ್ತಿದೆ. ಫೈಲ್ ಒಪ್ಪಿಸಲು ಸಂಜೆ ಐದರವರೆಗೆ ಸಮಯ. ಬಿಳಿ ಹಾಳೆ ತಂದಿದ್ದೇನೆ. ಇನ್ನೊಂದು ಸಲ ಬರೆಯಿರಿ, ಎದುರಿಗೆ ಕೂತು ಪೂರ್ತಿ ಓದುತ್ತೇನೆ ಎನ್ನಬೇಕು. ಅದಕ್ಕೂ ಮೊದಲು ಹೇಳಬೇಕಾದದ್ದಿದೆ... ಒಳಗೆ ಹೋಗಲು ನಾಚಿಕೆ. ಹದಿನಾಲ್ಕು ಜನರಿಗೆ ಓದಿ, ಓದಿ ಎಂದು ಬೈದವಳು ನಾನು.

ಮೆಷಿನ್ ನಿಂತಿತು. ನೋಡಿಬಿಟ್ಟರು. ಎದ್ದು ಬರುತ್ತಿ—