ಬಾಟಲಿಗೆ ಸುತ್ತಿದ ದಾರ

ಜುಲೈ 8

ಇವತ್ತೂ ಕೊನೇ ಬೆಂಚು. ಅಟೆಂಡೆನ್ಸ್‌ನಲ್ಲಿ 'ಪ್ರೆಸೆಂಟ್' ಎಂದದ್ದು ನನಗೇ ಕೇಳಲಿಲ್ಲ. ಲೆಕ್ಚರರ್ ಎರಡನೇ ಸಲ ಕೂಗಿದರು, ಕ್ಲಾಸೇ ತಿರುಗಿ ನೋಡಿತು. ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳಿಗೆ ಹೊಸ ಮುಖ ಅಭ್ಯಾಸವಾಗಿರಬೇಕಿತ್ತು. ಆಗಿಲ್ಲ. ರೂಮ್‌ಮೇಟ್ ಹೆಸರು ಕೇಳಲು ನಾಲ್ಕು ದಿನ ಬೇಕಾಯಿತು, ಈಗ ಮತ್ತೆ ಮರೆತಿದ್ದೇನೆ…

ಭಾನುವಾರ ಬರಲಿ.

ಜುಲೈ 14, ಸಂಜೆ

ಹಾಸ್ಟೆಲ್‌ನಿಂದ ಹೊರಬಿಡುವ ಔಟ್‌ಪಾಸ್‌ನಲ್ಲಿ 'ಕಾರಣ' ಎಂಬಲ್ಲಿ ಮಾವ ಬರೆಯುವುದು ಒಂದೇ ಪದ: ಮೀನು. ವಾರ್ಡನ್ ಕೇಳಿದರು, "ಹಿಡಿಯೋಕಾ, ತಿನ್ನೋಕಾ?"

"ಅದು ಮೀನಿಗೆ ಬಿಟ್ಟಿದ್ದು ಮೇಡಮ್" ಎಂದರು ಮಾವ.

ಪಂಪ್‌ಹೌಸ್ ಹಿಂದೆ ಕೆರೆಗಿಳಿಯುವ ಕಾಂಕ್ರೀಟ್ ಮೆಟ್ಟಿಲು. ಮೂರನೇ ಮೆಟ್ಟಿಲು ನಮ್ಮದು. ಅಮ್ಮ ದೂರದ ಆಸ್ಪತ್ರೆಯಲ್ಲಿ ನರ್ಸ್. ರಜೆ ಬಂದಾಗಲೆಲ್ಲ ಬೇರೆ ಹುಡುಗಿಯರು ಮನೆಗೆ ಹೋದರೆ ನಾನು ಬರುತ್ತಿದ್ದದ್ದು ಈ ಮೆಟ್ಟಿಲಿಗೆ, ಅಮ್ಮನ ತಮ್ಮನ ಪಕ್ಕಕ್ಕೆ. ಪ್ರೆಸ್‌ನಲ್ಲಿದ್ದಾಗ ಪೇಪರ್ ಕತ್ತರಿಸುವ ಮೆಷಿನ್ ಮಾವನ ಎಡಗೈಯ ಮೂರು ಬೆರಳು ತಿಂದಿತು. ಗಾಳದ ರಾಡ್ ಹಿಡಿದು, ದಾರ ಸುತ್ತುವ ರೀಲ್ ತಿರುಗಿಸುವುದು ಆಗದ ಮಾತು. ಹಳೇ ಸಿರಪ್ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು ಬರುತ್ತಾರೆ. ಬಲಗೈಯಲ್ಲಿ ಬೀಸಿ ಎಸೆದು, ಎಡಗೈಯ ಉಳಿದ ಹೆಬ್ಬೆರಳು-ತೋರುಬೆರಳ ನಡುವೆ ದಾರ ಹಿಡಿದು ಕೂತರೆ ಮುಗಿಯಿತು. "ಎರಡು ಬೆರಳು ಸಾಕು. ಮೀನಿಗೇನು ಎಣಿಸೋಕೆ ಬರತ್ತಾ?"

ಸುಮ್ಮನೆ ಕೂರಬಹುದಾದ ಜಾಗ ನನಗೆ ಇದೊಂದೇ. ಇಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ.

ಇವತ್ತು ಡೆಂಟಿಸ್ಟ್ ಬಂದರು. ಗಾಳಗಾರರ ಸಂಘದ ಪ್ರೆಸಿಡೆಂಟ್. ಸುದ್ದಿ ಕೆಟ್ಟದು— ಮೀನುಗಾರಿಕೆ ಇಲಾಖೆ ಈ ದಂಡೆಯನ್ನೇ ಮುಚ್ಚುತ್ತದಂತೆ. ಯಾರೋ ಕದ್ದು ಬಲೆ ಹಾಕುತ್ತಿದ್ದಾರೆ, ಕಸ ಎಸೆಯುತ್ತಿದ್ದಾರೆ. ಸಂಘ ಹೋಗಿ ಲೈಸೆನ್ಸ್ ಪದ್ಧತಿ ತನ್ನಿ ಎಂದು ಕೇಳಲಿದೆ. ಲೈಸೆನ್ಸ್ ಇದ್ದವರು ಉಳಿಯುತ್ತಾರೆ.

"ನಮ್ಮಲ್ಲಿ ಇಂಗ್ಲಿಷ್‌ನಲ್ಲಿ ನೆಟ್ಟಗೆ ಬರೆಯೋರಿಲ್ಲ. ನಿಮ್ಮ ಹುಡುಗಿ ಬರೆದುಕೊಡ್ತಾಳಾ?"

"ಇವಳ ಹೆಸರೇ ಇಂಗ್ಲಿಷು" ಎಂದರು ಮಾವ. ಮುಖದಲ್ಲಿ ಇಷ್ಟಗಲ ಹೆಮ್ಮೆ.

ಭಯ. ಆದರೆ ಯಾರಿಗೋ ಬೇಕಾಗಿದ್ದೇನೆ. ಒಪ್ಪಿಕೊಂಡೆ.

ಜುಲೈ 20

ಸಂಘದ ಮೀಟಿಂಗ್, ಕ್ಲಿನಿಕ್‌ನ ವೇಟಿಂಗ್ ರೂಮಿನಲ್ಲಿ. ಗೋಡೆ ತುಂಬ ಹಲ್ಲಿನ ಪೋಸ್ಟರ್. ಇಲಾಖೆ ಕೇಳಿದ್ದು: ಗಾಳಗಾರ ಎಂದರೆ ಯಾರು, ನೀವೇ ಹೇಳಿ.

ಟೈಲರ್ ಒಬ್ಬರು ಎದ್ದರು. "ಅರ್ಧ ಜನ ಮೀನು ಮನೆಗೆ ತಗೊಂಡ್ ಹೋಗ್ತೀವಲ್ಲ ಡಾಕ್ಟ್ರೇ, ಅದನ್ನೂ ಬರೀಬೇಕಲ್ವಾ?"

"ಬರೆದು ನೋಡು. ಮೀನು ವ್ಯಾಪಾರಕ್ಕೆ ಬಂದವರು ಅಂತಾರೆ. ಸ್ಪೋರ್ಟ್ ಅಂದ್ರೆ ಹೊಟ್ಟೆ ತುಂಬಿದವರ ವಿಷಯ ಅಂತ ಕಾಣಿಸ್ಬೇಕು. ಆಮೇಲೆ ನೀನು ಚೀಲದಲ್ಲಿ ಏನ್ ಒಯ್ತೀಯೋ ಯಾರು ನೋಡ್ತಾರೆ?"

ಎಲ್ಲರೂ ನಕ್ಕರು. ಟೈಲರ್ ಕೂತರು.

ಲೈಬ್ರರಿಗೆ ಹೋಗಿ ಬೇರೆ ದೇಶಗಳ ಸಂಘಗಳ ಸೈಟ್ ಓದಿದೆ. ಎಷ್ಟು ಚಂದದ ವಾಕ್ಯಗಳು. ನನ್ನದೂ ಹಾಗೇ ಬರಬೇಕು.

ಜುಲೈ 21

ಮೆಟ್ಟಿಲ ಮೇಲೆ ಮಾವನಿಗೆ ಕನ್ನಡ ಮಾಡಿ ಓದಿ ಹೇಳಿದೆ. 'ಗಾಳಗಾರ ಎಂದರೆ ರಾಡ್ ಮತ್ತು ರೀಲ್ ಬಳಸಿ, ಕೇವಲ ಹವ್ಯಾಸಕ್ಕಾಗಿ ಮೀನು ಹಿಡಿದು, ಗಾಯವಾಗದಂತೆ ನೀರಿಗೆ ಮರಳಿಸುವವನು.'

ಮಾವ ದಾರ ಬಿಡದೆ ಕೇಳಿಸಿಕೊಂಡರು. "ಚೆನ್ನಾಗಿದೆ ಕಣೇ. ಯಾರಿವನು?"

ಜೋಕು ಎಂದು ನಕ್ಕೆ.

ಆಗಸ್ಟ್ 2, ಬೆಳಗ್ಗೆ

ಇವತ್ತು ಇಲಾಖೆಯ ಆಫೀಸಿನಲ್ಲಿ ಹಿಯರಿಂಗ್. ನಾನೇ ಮಾತಾಡಬೇಕಂತೆ. "ಯೂತ್ ಫೇಸ್ ಇದ್ರೆ ಚೆನ್ನಾಗಿರತ್ತೆ"— ಡೆಂಟಿಸ್ಟ್. ತಿಂಡಿ ಒಳಗಿಳಿಯುತ್ತಿಲ್ಲ.

ಆಗಸ್ಟ್ 2, ಸಂಜೆ

ಚೆನ್ನಾಗಿ ಮಾತಾಡಿದೆನಂತೆ. ಎಲ್ಲರೂ ಹೇಳಿದರು.

ಮಾವ ಹಿಂದಿನ ಸಾಲಿನಲ್ಲಿದ್ದರು. ಇಸ್ತ್ರಿ ಶರ್ಟು. ನಾನು ನಿಂತಾಗ ಪಕ್ಕದವರಿಗೆ ಏನೋ ಹೇಳಿದರು. ನಮ್ಮ ಹುಡುಗಿ ಎಂದಿರಬೇಕು. ಒಂದು ಸಲವೂ ತೊದಲಲಿಲ್ಲ. ಮುಗಿಯಿತು ಎಂದುಕೊಂಡಾಗ ಆಫೀಸರ್ ಮೇಡಮ್ ಕನ್ನಡಕ ತೆಗೆದು ಇಂಗ್ಲಿಷ್‌ನಲ್ಲಿ ಕೇಳಿದರು: ಕದ್ದು ಬಲೆ ಹಾಕುವವರು ಹಗಲು ಬರೀ ಕೈಯಲ್ಲಿ ದಾರ ಹಿಡಿದು ಕೂತು ಜಾಗ ನೋಡಿಕೊಳ್ಳುತ್ತಾರೆ. ಕೈದಾರದವರು ನಿಮ್ಮಲ್ಲಿ ಯಾರಾದರೂ ಇದ್ದಾರಾ?

ಡೆಂಟಿಸ್ಟ್ ನನ್ನತ್ತ ನೋಡಿದರು.

'ನೋ ಮ್ಯಾಮ್. ದಟ್ ಈಸ್ ನಾಟ್ ಪಾರ್ಟ್ ಆಫ್ ಅವರ್ ಸ್ಪೋರ್ಟ್' ಎಂದೆ.

ಚಪ್ಪಾಳೆ. ಮಾವನೂ ತಟ್ಟಿದರು, ಆ ಕೈಯಲ್ಲೇ. ಮಾವ ತಟ್ಟಿದರೆ ಸದ್ದು ಬರುವುದಿಲ್ಲ.

ಬಸ್ಸಿನಲ್ಲಿ ಕೇಳಿದರು, "ಕೊನೇಲಿ ಆ ಮೇಡಮ್ ಏನೋ ಕೇಳಿದ್ರಲ್ಲ, ಏನದು?"

"ಟೈಮಿಂಗ್ಸ್. ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನಕ ಅಂತ."

"ಬೆಳಗ್ಗೆ ಬೇಗ ಬಿಡ್ಬೇಕು ಅಂತ ಹೇಳಿದ್ಯಾ?"

"ಹೇಳಿದೆ."

ಸೆಪ್ಟೆಂಬರ್ 19

ಏನೂ ಬರೆದಿರಲಿಲ್ಲ. ಟೆಸ್ಟ್ ಇತ್ತು. ಟೆಸ್ಟ್ ಒಂದೇ ಕಾರಣವಲ್ಲ.

ಲೈಸೆನ್ಸ್ ಬಂತು. ನನ್ನ ಫೋಟೋ, ಪ್ಲಾಸ್ಟಿಕ್ ಕವರ್. ದಂಡೆ ಉಳಿಯಿತು. ಸಂಘದ ಗ್ರೂಪಿನಲ್ಲಿ ನನಗೆ ಕೈ ಮುಗಿದ ಚಿತ್ರಗಳ ಸುರಿಮಳೆ.

ಸೆಪ್ಟೆಂಬರ್ 22

ಗೇಟಿನಲ್ಲಿ ಹೊಸ ಬೋರ್ಡು, ಹೊಸ ವಾಚ್‌ಮನ್. ಒಳ್ಳೆಯವನೇ. ಮಾವನ ಕೈಯಲ್ಲಿ ಬಾಟಲಿ ನೋಡಿ ಎದ್ದು ನಿಂತ.

"ಯಜಮಾನ್ರೇ, ಇದು ಒಳಗೆ ಬಿಡಂಗಿಲ್ಲ."

"ಇಷ್ಟು ವರ್ಷದಿಂದ ಬರ್ತಿದ್ದೀನಲ್ಲಪ್ಪ."

"ನಂಗೂ ಗೊತ್ತು. ನಾನೇನ್ ಮಾಡ್ಲಿ, ಬೋರ್ಡ್ ಓದಿ."

ಮಾವ ಓದಿದರು. ಮೊದಲಿಂದ ಕೊನೇವರೆಗೆ, ನಿಧಾನ, ತುಟಿ ಅಲ್ಲಾಡಿಸಿಕೊಂಡು. ನನ್ನ ವಾಕ್ಯ, ಕನ್ನಡದಲ್ಲಿ. ಕಾಮಾ ಕೂಡ ನನ್ನದೇ.

"ಇವನು ಅವನೇ ಅಲ್ವೇನೇ? ನೀನು ಅವತ್ತು ಓದಿ ಹೇಳಿದವನು."

ಲೈಸೆನ್ಸನ್ನು ಬ್ಯಾಗಿನೊಳಗೆ ತಳ್ಳಿದೆ.

"ಅಂತೂ ಅವನಿಗಾದ್ರೂ ಜಾಗ ಸಿಕ್ತಲ್ಲ" ಎಂದು ಬಾಟಲಿ ಚೀಲದೊಳಗೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ…

ಸೆಪ್ಟೆಂಬರ್ 25

ಕೈದಾರವನ್ನೂ ಸೇರಿಸಿ ಎಂದು ಆಫೀಸರ್‌ಗೆ ಮೇಲ್ ಮಾಡಿದ್ದಕ್ಕೆ ಉತ್ತರ ಬಂತು. ನಿಯಮ ಮಾಡಿದ್ದು ಸಂಘದ ಮನವಿಯಂತೆ. ಬದಲಾವಣೆಯನ್ನೂ ಸಂಘವೇ ಕೇಳಬೇಕು.

ಫೋನಿನಲ್ಲಿ ಮಾತಾಡುವುದು ನನಗೆ ಆಗದು. ಆದ್ದರಿಂದ ಕ್ಲಿನಿಕ್‌ಗೇ ಹೋದೆ. ಡೆಂಟಿಸ್ಟ್ ಗ್ಲೌಸ್ ತೆಗೆಯುತ್ತ ಕೇಳಿಸಿಕೊಂಡರು.

"ಈಗ ಹೋಗಿ ಕೈದಾರ ಸೇರಿಸಿ ಅಂದ್ರೆ, ಅವತ್ತು ಸುಳ್ಳು ಹೇಳಿದ್ವಿ ಅಂತ ಆಗತ್ತಮ್ಮ. ಇರೋ ಲೈಸೆನ್ಸೂ ಹೋಗತ್ತೆ. ಎಲ್ಲರದ್ದೂ."

"ಸುಳ್ಳೇ ಅಲ್ವಾ ಸರ್?"

"ಹೇಳಿದ್ದು ಯಾರು?"

ಕುರ್ಚಿಯಲ್ಲಿ ಪೇಷಂಟ್ ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿದ್ದ. ಡೆಂಟಿಸ್ಟ್ ದನಿ ಮೆತ್ತಗಾಯಿತು. "ನಿಮ್ಮ ಮಾವನಿಗೆ ಗೌರವ ಸದಸ್ಯತ್ವ ಕೊಡೋಣ. ಬಂದು ಕೂರಬಹುದು. ನೋಡಬಹುದು."

ಟೈಲರ್ ಕೂಡ ಬರುತ್ತಿಲ್ಲವಂತೆ. ಚೀಲ ತೆಗೆಸಿ ನೋಡುತ್ತಾರಂತೆ ಈಗ.

ಅಕ್ಟೋಬರ್ 6

ರೂಮ್‌ಮೇಟ್ ಅಣ್ಣನ ಹಳೇ ರಾಡ್ ತಂದುಕೊಟ್ಟಳು. ಮಾವನ ಮನೆ ಟೆರೇಸ್ ಮೇಲೆ ಅಭ್ಯಾಸ ಮಾಡಿದೆವು. ರಾಡ್ ಅನ್ನು ಕಂಕುಳಲ್ಲಿ ಸಿಕ್ಕಿಸಿ, ಬಲಗೈಯಲ್ಲಿ ರೀಲ್. ಜಾರಿತು. ಬೆಲ್ಟಿನಿಂದ ಕಟ್ಟಿದೆ. ಆಗಲೂ ಜಾರಿತು. ಎದುರು ಮನೆಯ ಟೆರೇಸ್‌ನಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ನಿಂತು ನೋಡಿದಳು. ಮಾವ ಅವಳಿಗೆ, "ಏನಿಲ್ಲ ತಾಯಿ, ಗಾಳಿಪಟ ಬಿಡೋದು ಕಲೀತಿದ್ದೀನಿ" ಎಂದರು.

ಅವಳು ಒಳಗೆ ಹೋದ ಮೇಲೆ ಬೆಲ್ಟ್ ಬಿಚ್ಚಿದರು. "ಸಾಕು ಬಿಡು. ಕಡ್ಡಿ ತುದೀಲಿ ಮೀನು ಕಚ್ಚಿದ್ರೆ ಗೊತ್ತಾಗೋದು ಕಡ್ಡಿಗೆ. ನಂಗೇನ್ ಬಂತು."

ಗೌರವ ಸದಸ್ಯತ್ವದ ವಿಷಯ ಹೇಳಿದೆ.

"ಮದುವೆ ಮನೆಗೆ ಕರೆದು ಎಲೆ ಹಾಕದೆ ಕೂರಿಸಿದ ಹಾಗಾಯ್ತು" ಎಂದರು. ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ರೀಲ್ ಬಿಚ್ಚತೊಡಗಿದೆ, ಮಾವ ಬೆಲ್ಟ್ ಸುತ್ತಿಟ್ಟರು.

ಅಕ್ಟೋಬರ್ 20

ಮಾವ ಬರಲಿಲ್ಲ. ಮಂಡಿ ನೋವಂತೆ.

ಅಕ್ಟೋಬರ್ 27

ಮಂಡಿ.

ನವೆಂಬರ್ 17, ಬೆಳಗ್ಗೆ

ಮೆಟ್ಟಿಲ ಮೇಲೇ ಬರೆಯುತ್ತಿದ್ದೇನೆ. ಔಟ್‌ಪಾಸ್‌ಗೆ ಮಾವ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. 'ಕಾರಣ' ಎಂಬಲ್ಲಿ ವಾರ್ಡನ್ ತಾವೇ 'ಪರ್ಸನಲ್' ಎಂದು ಬರೆದುಕೊಂಡರು.

ದಂಡೆ ಸ್ವಚ್ಛವಾಗಿದೆ. ಕಸವಿಲ್ಲ. ಒಳ್ಳೆಯ ಬೂಟು, ಒಳ್ಳೆಯ ಟೋಪಿಯ ಜನ, ದೂರ ದೂರ ಕೂತಿದ್ದಾರೆ. ಒಬ್ಬರು ಮೀನನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು ವಾಪಸ್ ಬಿಟ್ಟರು. ನಾನು ಬರೆದ ಮನುಷ್ಯನೇ. ಥೇಟ್.

ವಾಚ್‌ಮನ್ ಕೇಳಿದ, "ಯಜಮಾನ್ರು ಎಲ್ಲಮ್ಮ?"

"ಮಂಡಿ ನೋವು."

"ಓ" ಎಂದು ಬೇರೆ ಕಡೆ ನೋಡಿದ.

ಎದೆ ಹೊಡೆದುಕೊಳ್ಳುತ್ತಿದೆ. ಇಲ್ಲೂ.

ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಬಂದೆ. ಆ ಮೇಡಮ್ ಕೇಳಿದ್ದು ಟೈಮಿಂಗ್ಸ್ ಅಲ್ಲ ಎಂದು. ಕೇಳಿದ್ದು ನಿಮ್ಮಂಥವರ ಬಗ್ಗೆ, ನಾನು ಇಲ್ಲ ಎಂದೆ ಎಂದು. ಈಗಷ್ಟೇ ಫೋನ್ ಮಾಡಿದೆ. ಹಿಂದೆ ಟಿವಿ ಓಡುತ್ತಿತ್ತು, ಸಣ್ಣದು ಮಾಡಿದರು.

"ಹೇಳು ಇಂಗ್ಲಿಷು."

ನೀರು ಇಳಿದಿದೆ, ನಾಲ್ಕನೇ ಮೆಟ್ಟಿಲೂ ಕಾಣುತ್ತಿದೆ ಎಂದೆ.

"ಹೌದಾ? ಮತ್ತೆ?"

ಮತ್ತೇನಿಲ್ಲ ಎಂದೆ.