ಚಿಟ್ಟೆ ಬಿದ್ದಳೆಂಬ ಮಾತು

ಮಾರ್ಚ್ ೧೨, ಗುರುವಾರ

ಶಿಶುವಿಹಾರದಲ್ಲಿ ಇವತ್ತು ದೊಡ್ಡ ಮೇಡಂ ನೋಡದೆ ಬಾಗಿಲು ಹಾಕಿದರು, ನಾವೆಲ್ಲ ಚಿಟ್ಟೆ ಎಂದು ಕರೆಯುವ ನನ್ನ ತರಗತಿಯ ಪುಟ್ಟ ಹುಡುಗಿಯ ಬೆರಳು ಸಿಕ್ಕಿಕೊಂಡಿತು. ಉಗುರು ನೀಲಿಗಟ್ಟಿದೆ.

"ಆಡ್ತಾ ಬಿದ್ದಳು ಅಂದ್ಬಿಡಿ ಟೀಚರ್, ಸುಮ್ನೆ ರಂಪ ಬೇಡ" ಎಂದರು. ಚಾಕೊಲೇಟ್ ಕೊಟ್ಟು ಮಗುವಿಗೂ ಅದನ್ನೇ ಕಲಿಸಿದರು.

ಸಂಜೆ ಗೇಟಿನಲ್ಲಿ ಅವಳಮ್ಮ ಕೇಳಿದಾಗ ಚಿಟ್ಟೆ ನನ್ನ ಮುಖ ನೋಡುತ್ತಾ "ಬಿದ್ದೆ" ಎಂದಳು. ಹಾಡು ಒಪ್ಪಿಸುವಾಗಲೂ ಹಾಗೇ ನೋಡುತ್ತಾಳೆ, ಸರಿಯಾ ಎಂದು ಕೇಳುವಂತೆ.

ಮಕ್ಕಳ ಹತ್ತಿರ ಮಾತಾಡುವ ಮೊದಲು ಮಂಡಿಯೂರು ಎನ್ನುತ್ತಿದ್ದಳು, ನನಗೆ ಈ ಕೆಲಸ ಕಲಿಸಿದ ಅಕ್ಕ. ಅವಳು ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ಮಂಡಿಯೂರಿದೆ.

"ಇಲ್ಲ ಪುಟ್ಟಿ, ನೀನು ಬೀಳ್ಲಿಲ್ಲ. ಮೇಡಂ ಬಾಗಿಲು ಹಾಕಿದಾಗ ಸಿಕ್ಕಿಕೊಳ್ತು. ನಿನ್ನ ತಪ್ಪೇನಿಲ್ಲ."

ಮೇಡಂ ಹಿಂದೆಯೇ ನಿಂತಿದ್ದರು. ನಾಳೆ ಮೊದಲು ಆಫೀಸಿಗೆ ಬರಬೇಕಂತೆ. ಕೆಲಸ ಉಳಿಯುತ್ತದೋ ಇಲ್ಲವೋ. ಅಕ್ಕ ಇದ್ದಿದ್ದರೆ ಈಗ ಫೋನ್ ಮಾಡುತ್ತಿದ್ದೆ. ಗೇಟಿನ ಹತ್ತಿರ ಬರೀ ಜಲ್ಲಿ, ಮಂಡಿ ಇನ್ನೂ ಉರಿಯುತ್ತಿದೆ, ಆದರೂ ಆಗ ಚಿಟ್ಟೆಯ ಮುಂದಿನಿಂದ ಎದ್ದೇಳಲು ಮನಸ್ಸಾಗಲಿಲ್ಲ.